ಮಿದುಳಿನ ಸಿರೆಯ ಹೆಪ್ಪನ್ನು ಕ್ಯಾತಿಟರ್ ಹಾಕಿ ತೆಗೆಸಲೇಬೇಕಾ?

ಅಕ್ಕನಿಗೆ ಹೆರಿಗೆಯಾಗಿ 12 ದಿನ, ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಎಚ್ಚರವಾಗಿದ್ದಾರೆ, ಮಾತಾಡುತ್ತಿದ್ದಾರೆ, "ಇಲ್ಲಿ ಬರೀ ಹೆಪಾರಿನ್ ಚುಚ್ಚುತ್ತಿದ್ದಾರೆ, ಹೆಪ್ಪು ತೆಗೆಯುವ ದೊಡ್ಡ ಆಸ್ಪತ್ರೆಗೆ ಸಾಗಿಸಲಾ" ಅಂತ ಕೇಳಿದ್ದೀರಿ. ಬೇಡ. ಆ "ಬರೀ" ಅನ್ನುವುದೇ ತಪ್ಪು.

ನನ್ನ ಹೆಂಡತಿಗೆ ಸಿಸೇರಿಯನ್ ಆದ 9ನೇ ದಿನ ಇದೇ ಆಯಿತು. ನಾನು ಕ್ಯಾತ್‌ಲ್ಯಾಬ್ (ರಕ್ತನಾಳಕ್ಕೆ ಕ್ಯಾತಿಟರ್ ಹಾಕುವ ಕೋಣೆ) ಟೆಕ್ನಿಶಿಯನ್, ಆದರೂ ತಲೆನೋವನ್ನು ಗುರುತಿಸಲಿಲ್ಲ. ಬೆನ್ನಿಗೆ ಕೊಟ್ಟ ಅನಸ್ತೇಸಿಯಾದ್ದು ಅಂದುಕೊಂಡು ಮೂರು ದಿನ ಕಳೆದೆ. ಅನಸ್ತೇಸಿಯಾದ ತಲೆನೋವು ಎದ್ದು ಕೂತರೆ ಜಾಸ್ತಿ, ಮಲಗಿದರೆ ಇಳಿಯುತ್ತದೆ. ಇವಳಿಗೆ ಉಲ್ಟಾ: ಮಲಗಿದರೆ, ಕೆಮ್ಮಿದರೆ ಜಾಸ್ತಿ, ಬೆಳಗಿನ ಜಾವ ವಾಂತಿ. ರಕ್ತ ತಲೆಯಿಂದ ಇಳಿಯುವ ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರಿದಾಗ ಹಾಗಾಗುತ್ತದೆ. ಸಾದಾ ಸಿಟಿ "ನಾರ್ಮಲ್" ಬಂತೆಂದು ಮನೆಗೆ ಕರೆತಂದೆ; ಸಾದಾ ಸಿಟಿಯಲ್ಲಿ ಈ ಹೆಪ್ಪು ಎಷ್ಟೋ ಸಲ ಕಾಣುವುದೇ ಇಲ್ಲ. ಸಿರೆಗಳನ್ನೇ ತೋರಿಸುವ ಎಂಆರ್ ವೀನೋಗ್ರಾಂ ಇಲ್ಲವೇ ಡೈ ಹಾಕಿದ ಸಿಟಿ ವೀನೋಗ್ರಾಂ ಕೇಳಬೇಕಿತ್ತು. ಸಾಲದ್ದಕ್ಕೆ, ಬಾಣಂತಿ ನೀರು ಕುಡಿಯಬಾರದೆಂದು ಮನೆಯಲ್ಲಿ ಲೋಟ ಎಣಿಸುತ್ತಿದ್ದರು. ಹೆರಿಗೆಯ ನಂತರ ಸುಮಾರು ಆರು ವಾರ ರಕ್ತ ಹೆಪ್ಪುಗಟ್ಟುವುದು ಹೆಚ್ಚು. ಮೈಯಲ್ಲಿ ನೀರೂ ಇಲ್ಲದಿದ್ದರೆ ಕೇಳಬೇಕೇ! ಮೂರನೇ ರಾತ್ರಿ ಫಿಟ್ಸ್ ಬಂತು.

ಈಗ ನಿಮ್ಮ ಕ್ಯಾತಿಟರ್, ಅಂದರೆ ತೆಳು ಕೊಳವೆ. ತೊಡೆಯ ಸಿರೆಯಿಂದ ತೂರಿಸಿ, ಕತ್ತಿನ ಜುಗುಲರ್ ಸಿರೆ ದಾಟಿಸಿ, ಸೈನಸ್ (ಮೂಗಿನದ್ದಲ್ಲ, ಮಿದುಳಿನ ರಕ್ತ ಇಳಿಸುವ ದೊಡ್ಡ ಸಿರೆ) ಮುಟ್ಟಿಸಿ, ಹೆಪ್ಪನ್ನು ಹೀರುತ್ತಾರೆ ಅಥವಾ ಸ್ಟೆಂಟ್ ರಿಟ್ರೀವರ್‌ನ ಜಾಲರಿಯಿಂದ ಎಳೆಯುತ್ತಾರೆ. ಆ ಜಾಲರಿ ಮಾಡಿದ್ದು ಕೆಲವೇ ಮಿ.ಮೀ. ಅಗಲದ ಅಪಧಮನಿಗೆ. ಸೈನಸ್ ಅದಕ್ಕಿಂತ ಅಗಲ, ಮೂರು ಮೂಲೆಯದು, ಒಳಗೆ ಅಡ್ಡ ಪಟ್ಟಿಗಳು ಬೇರೆ. ಬಹಳ ಸಲ ಹೆಪ್ಪಿನ ನಡುವೆ ಒಂದು ಸುರಂಗ ಕೊರೆದಂತಾಗುತ್ತದೆ, ಅಷ್ಟೆ. ಹೀರುವಾಗ ಒಳ್ಳೆಯ ರಕ್ತವೂ ಹೋಗುತ್ತದೆ. ಬಾಣಂತಿಯ ಹಿಮೋಗ್ಲೋಬಿನ್ ಮೊದಲೇ ಕಡಿಮೆ. ಮಿದುಳಿನ ಮೇಲ್ಮೈಯ ಸಣ್ಣ ಸಿರೆಗಳಿಗಂತೂ ಇದು ಎಟಕುವುದಿಲ್ಲ.

ಹೆಪಾರಿನ್ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯಲು ಬಿಡುವುದಿಲ್ಲ, ಕರಗಿಸುವುದು ದೇಹ. 2020ರಲ್ಲಿ ಪ್ರಕಟವಾದ ಟೋ-ಆಕ್ಟ್ ಅಧ್ಯಯನದಲ್ಲಿ 67 ತೀವ್ರ ರೋಗಿಗಳಿದ್ದರು. ಒಂದು ವರ್ಷದ ನಂತರ ಚೆನ್ನಾಗಿ ಚೇತರಿಸಿಕೊಂಡವರು ಕ್ಯಾತಿಟರ್ ಗುಂಪಿನಲ್ಲಿ 67%, ಔಷಧ ಮಾತ್ರ ಪಡೆದವರಲ್ಲಿ 68%. ಲಾಭ ಕಾಣದೆ ಅಧ್ಯಯನವನ್ನೇ ನಡುವೆ ನಿಲ್ಲಿಸಿದರು.

ಹೆಪಾರಿನ್ ಪ್ರಮಾಣ ಸರಿಯಿದೆಯಾ ಕೇಳಿ: ಎನಾಕ್ಸಪಾರಿನ್ (ಒಂದು ಬಗೆಯ ಹೆಪಾರಿನ್) ಆದರೆ ಸಾಮಾನ್ಯವಾಗಿ ಕಿಲೋ ತೂಕಕ್ಕೆ 1 ಮಿ.ಗ್ರಾಂ, 12 ಗಂಟೆಗೊಮ್ಮೆ. ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡಿತೆಂದು ಗಾಬರಿಯಾಗಿ ನಿಲ್ಲಿಸಿ ಅನ್ನಬೇಡಿ. ಕಟ್ಟಿಕೊಂಡ ಸಿರೆಯ ಹಿಂದೆ ಒತ್ತಡ ಏರಿ ಸೋರಿದ ರಕ್ತ ಅದು. ಹೆಪಾರಿನ್ ಮೇಲಿದ್ದೂ ಮಂಪರು ಹೆಚ್ಚಿದರೆ ಕ್ಯಾತಿಟರ್ ಮಾತು ಎತ್ತಬಹುದು. ಮಿದುಳು ಊದಿ ಒಂದು ಪಕ್ಕಕ್ಕೆ ಸರಿದಿದ್ದರೆ ಮಾತ್ರ ನ್ಯೂರೋಸರ್ಜನ್ ಬೇಕು, ತಲೆಬುರುಡೆಯ ತುಂಡು ತೆಗೆದು ಜಾಗ ಮಾಡಲು. ಅದಕ್ಕಾದರೆ ರಾತ್ರೋರಾತ್ರಿ ಸಾಗಿಸಿ.

ಆಮೇಲೆ ಕೆಲವು ತಿಂಗಳು ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) 2ರಿಂದ 3. ಹಾಲೂಡಿಸಬಹುದು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಮಾತ್ರ ಇನ್ನು ಬೇಡ. ನೀರಿನ ಲೋಟ ಎಣಿಸುವವರು ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಜಗಳ ಆಡಿ.