ಸಿವಿಲ್ ಕೇಸಲ್ಲಿ ದೊಡ್ಡ ಲಾ ಫರ್ಮ್ ಪ್ರತಿವಾದಿ ಪರ ನಿಂತರೆ ಏನೇನು ಮಾಡುತ್ತದೆ?

ಸಿವಿಲ್ ದಾವೆಯಲ್ಲಿ ಕೇಳುವುದು ಸಾಮಾನ್ಯವಾಗಿ ಪರಿಹಾರದ ದುಡ್ಡು, ಇಲ್ಲವೇ ಕೋರ್ಟಿನ ತಡೆಯಾಜ್ಞೆ. ದಾವೆ ಹಾಕಿಸಿಕೊಂಡವರನ್ನು ಅದರಿಂದ ಪಾರು ಮಾಡುವುದು ಈ ಫರ್ಮ್‌ಗಳ ಕೆಲಸ.

ನ್ಯೂಯಾರ್ಕಿನ ಕ್ರವಾತ್, ಸ್ವೇನ್ ಅಂಡ್ ಮೂರ್ ನೋಡಿ. ಅದರ ಚರಿತ್ರೆ 1819ರಿಂದ ಶುರು. 1969ರಲ್ಲಿ ಅಮೆರಿಕ ಸರ್ಕಾರ ಕಂಪ್ಯೂಟರ್ ಕಂಪನಿ ಐಬಿಎಂ ಮೇಲೆ ಏಕಸ್ವಾಮ್ಯದ ಕೇಸು ಹಾಕಿದಾಗ ಐಬಿಎಂ ಪರ ನಿಂತದ್ದು ಇವರೇ. ಕೋರ್ಟಿನಲ್ಲಿ ವಿಚಾರಣೆ ಶುರುವಾಗುವಷ್ಟರಲ್ಲಿ 1975 ಬಂತು. 1982ರಲ್ಲಿ ಕೇಸಿನಲ್ಲಿ ಹುರುಳಿಲ್ಲ ಎಂದು ಸರ್ಕಾರವೇ ಕೈಬಿಟ್ಟಿತು. ಅಷ್ಟರಲ್ಲಿ ಕಂಪ್ಯೂಟರ್ ಮಾರುಕಟ್ಟೆಯೇ ಬದಲಾಗಿತ್ತು! ಇಂಥ ಕೇಸಲ್ಲಿ ವಾದಕ್ಕಿಂತ ಕಾಗದದ ಕೆಲಸವೇ ಜಾಸ್ತಿ. ಎದುರಿನವರು ಕೇಳಿದ ದಾಖಲೆ ಹುಡುಕಿ ಕೊಡಬೇಕು, ಸಾಕ್ಷಿಗಳ ಹೇಳಿಕೆಯನ್ನು ಮೊದಲೇ ಪಡೆಯಬೇಕು. ಫೀಸು ಸುಮ್ನೆ ಏರುವುದಿಲ್ಲ, ಅಲ್ವಾ?

ಇವರ ಇನ್ನೊಂದು ಗೆಲುವೆಂದರೆ 2018ರಲ್ಲಿ ಕಾರ್ಡ್ ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್ ಪರ ನಡೆಸಿದ ಕೇಸು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-4 ಬಹುಮತದಿಂದ ಗೆದ್ದರು. ಕಮಿಷನ್ ಕಡಿಮೆ ಇರುವ ಬೇರೆ ಕಾರ್ಡ್ ಕೊಡಿ ಎಂದು ಅಂಗಡಿಯವರು ಗಿರಾಕಿಗೆ ಹೇಳಬಾರದು ಅನ್ನುವ ಕರಾರು ಹಾಗೇ ಉಳಿಯಿತು. ಅಂಗಡಿಯವರಿಗೆ ಇದು ಹೊಡೆತವೇ.

ಹಾಗಂತ ಸದಾ ಪ್ರತಿವಾದಿ ಪರವೇ ಅಲ್ಲ. 2020ರಲ್ಲಿ ಎಪಿಕ್ ಗೇಮ್ಸ್ ಆಪಲ್ ಮೇಲೆ ದಾವೆ ಹಾಕಿದಾಗ ಎಪಿಕ್‌ನ ವಕೀಲರೂ ಇವರೇ.