ಮಸೂದೆ ಪಾಸಾಯಿತು, ಕಾನೂನು ಎಲ್ಲಿ?

ಮಾನ್ಯರೇ,

ಮಸೂದೆಗೆ ಎರಡೂ ಸದನಗಳ ಒಪ್ಪಿಗೆ ಸಿಕ್ಕಿ ಎಂಟು ತಿಂಗಳಾದರೂ ತಾಲ್ಲೂಕು ಕಚೇರಿಯಲ್ಲಿ ‘ನಮಗಿನ್ನೂ ಏನೂ ಬಂದಿಲ್ಲ’ ಎನ್ನುತ್ತಾರೆ, ಇದು ನೆಪವೇ ಎಂದು ಕೇಳಿದ್ದೀರಿ. ಬಹುಶಃ ಅಲ್ಲ. ಸದನ ದಾಟಿದ ಮಸೂದೆ ಅರ್ಧ ದಾರಿ ಬಂದಿರುತ್ತದೆ, ಅಷ್ಟೆ.

ಸದನದ ಲೆಕ್ಕ ಸರಳ. ಧನ ವಿಧೇಯಕವನ್ನು (ತೆರಿಗೆ, ಸರ್ಕಾರಿ ಖರ್ಚಿನಂಥ ಹಣದ ವಿಷಯಕ್ಕಷ್ಟೇ ಸೇರಿದ ಮಸೂದೆ) ವಿಧಾನ ಪರಿಷತ್ತು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಉಳಿದ ಮಸೂದೆಗಳನ್ನು ಮೊದಲ ಸಲ 3 ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ 1 ತಿಂಗಳು ತಡೆಯಬಹುದು. ಆಮೇಲೆ ವಿಧಾನಸಭೆಯ ಮಾತೇ ನಡೆಯುತ್ತದೆ. ಸಂಸತ್ತಿನಲ್ಲಿರುವಂತೆ ಜಂಟಿ ಅಧಿವೇಶನ ರಾಜ್ಯದಲ್ಲಿಲ್ಲ. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದಾಗ ಅದೇ ತಿಂಗಳು ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿದ್ದು ಈ ದಾರಿಯಿಂದಲೇ.

ಮುಂದೆ ರಾಜ್ಯಪಾಲರು. ಸಂವಿಧಾನದ 200ನೇ ಅನುಚ್ಛೇದದ ಪ್ರಕಾರ ಅವರು ಅಂಕಿತ ಹಾಕಬಹುದು, ಧನ ವಿಧೇಯಕವಲ್ಲದಿದ್ದರೆ ಅಂಕಿತ ತಡೆಹಿಡಿದು ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಇಲ್ಲವೇ ರಾಷ್ಟ್ರಪತಿಯವರ ಒಪ್ಪಿಗೆಗೆ ಕಾಯ್ದಿರಿಸಬಹುದು. ಹಿಂದಿರುಗಿಸುವುದಾದರೆ ‘ಆದಷ್ಟು ಬೇಗ’ ಎಂದಿದೆಯೇ ಹೊರತು ದಿನಗಳ ಲೆಕ್ಕ ಕೊಟ್ಟಿಲ್ಲ.

ಅಂಕಿತ ಬಿದ್ದು ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟವಾದರೂ ಕಾಯ್ದೆ ಜಾರಿಯಾಯಿತೆಂದು ತಿಳಿಯಬೇಡಿ. ಮೊದಲ ಪುಟದಲ್ಲೇ 1ನೇ ಪ್ರಕರಣ (ಸೆಕ್ಷನ್) ನೋಡಿ. ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಂದು ಜಾರಿಗೆ ಬರತಕ್ಕದ್ದು’ ಎಂಬ ಸಾಲಿದ್ದರೆ ಆ ಅಧಿಸೂಚನೆ ಬರುವವರೆಗೂ ಕಾಯ್ದೆ ಕಾಗದದ ಮೇಲಿರುತ್ತದೆ. ಕೆಲವೊಮ್ಮೆ ಬೇರೆ ಬೇರೆ ಪ್ರಕರಣಗಳಿಗೆ ಬೇರೆ ಬೇರೆ ದಿನಾಂಕ ಕೊಡುವುದೂ ಉಂಟು.

ಅದಕ್ಕಿಂತ ದೊಡ್ಡ ತೊಡಕು ನಿಯಮಗಳದ್ದು. ಕಾಯ್ದೆಯ ಒಳಗೆ ‘ನಿಯಮಿಸಲಾದ ನಮೂನೆ’, ‘ನಿಯಮಿಸಲಾದ ಶುಲ್ಕ’, ‘ನಿಯಮಿಸಲಾದ ಪ್ರಾಧಿಕಾರಿ’ ಎಂದು ಎಷ್ಟು ಕಡೆ ಇದೆ ಎಣಿಸಿ. ಅಷ್ಟನ್ನೂ ಇಲಾಖೆ ನಿಯಮಗಳಲ್ಲಿ ತುಂಬಬೇಕು. ಅರ್ಜಿ ಯಾವ ನಮೂನೆಯಲ್ಲಿ, ಯಾರಿಗೆ ಎಂದೇ ಗೊತ್ತಾಗದಿದ್ದರೆ ಗುಮಾಸ್ತರು ಏನನ್ನು ಸ್ವೀಕರಿಸಬೇಕು? ನಿಮ್ಮ ಕಚೇರಿಯವರ ಮಾತಿನ ಮೂಲ ಇಲ್ಲಿರಬಹುದು.

ಜನರ ಮಾತಿಗೆ ಬೆಲೆ ಇರುವುದೂ ಇಲ್ಲೇ. ಪೂರ್ವಪ್ರಕಟಣೆ, ಅಂದರೆ ಅಂತಿಮಗೊಳಿಸುವ ಮೊದಲೇ ಪ್ರಕಟಿಸುವುದು, ಬೇಕೆಂದು ಕಾಯ್ದೆ ಹೇಳಿದ್ದರೆ ಕರಡು ನಿಯಮಗಳನ್ನು ರಾಜ್ಯಪತ್ರದಲ್ಲಿ ಹಾಕಿ ಆಕ್ಷೇಪಣೆ, ಸಲಹೆ ಕರೆಯುತ್ತಾರೆ. ಕೊನೆಯ ದಿನ ಆ ಅಧಿಸೂಚನೆಯಲ್ಲೇ ಇರುತ್ತದೆ. ದಿನ ಮೀರಿ ಬಂದ ಪತ್ರವನ್ನು ಪರಿಗಣಿಸಲೇಬೇಕೆಂದಿಲ್ಲ. ‘ಈ ಕಾಯ್ದೆಯೇ ಅನ್ಯಾಯ’ ಎಂದು ನಾಲ್ಕು ಪುಟ ಬರೆದರೂ ಉಪಯೋಗವಿಲ್ಲ, ಏಕೆಂದರೆ ನಿಯಮ ಕಾಯ್ದೆಯನ್ನು ಮೀರುವಂತಿಲ್ಲ. ನಿಯಮದ ಸಂಖ್ಯೆ, ಈಗಿರುವ ಪದಗಳು, ಬದಲಿಗೆ ಬೇಕಾದ ಪದಗಳು, ಎರಡು ಸಾಲಿನ ಕಾರಣ ಇಷ್ಟಿದ್ದರೆ ಸಾಕು. ಅಧಿಸೂಚನೆ ಹೇಳಿದ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಅಂತಿಮ ನಿಯಮಗಳೇ ಬಂದುಬಿಟ್ಟಿದ್ದರೂ ಒಂದು ಬಾಗಿಲು ಉಳಿದಿರುತ್ತದೆ. ಬಹುತೇಕ ಕಾಯ್ದೆಗಳಲ್ಲಿ ನಿಯಮಗಳನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕೆಂದಿದೆ. ಆ ಅವಧಿಯಲ್ಲಿ ತಿದ್ದುಪಡಿ ಕೇಳುವುದು ಶಾಸಕರ ಹಕ್ಕು. ನಿಮ್ಮ ಶಾಸಕರಿಗೆ ಬರೆಯುವಾಗ ನಿಯಮದ ಸಂಖ್ಯೆಯನ್ನು ನಮೂದಿಸಿ, ಇಂಥ ನಿಯಮಗಳನ್ನು ಪರಿಶೀಲಿಸುವ ಸದನದ ಅಧೀನ ಶಾಸನ ರಚನಾ ಸಮಿತಿಯ ಗಮನಕ್ಕೆ ತರುವಂತೆಯೂ ಕೇಳಿ.

– ಸಂ.