ಎಂಟನೇ ತಿಂಗಳಲ್ಲಿ ಹೊಟ್ಟೆಗೆ ಸೂಜಿ ಯಾಕೆ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 29 ವರ್ಷ. ಇದು ಮೊದಲ ಬಸುರು, ಈಗ 31 ವಾರ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಎಲ್ಲ ಸರಿ ಇದೆ ಅಂದಿದ್ದರು. ಹೋದ ವಾರ ಇಲ್ಲೇ ಶಿರಸಿಯಲ್ಲಿ ಗ್ರೋತ್ ಸ್ಕ್ಯಾನ್ ಮಾಡಿಸಿದಾಗ ಮಗುವಿನ ಹೊಟ್ಟೆಯಲ್ಲಿ ‘ಡಬಲ್ ಬಬಲ್’ ಕಾಣುತ್ತಿದೆ, ಮಗುವಿನ ಸುತ್ತಲಿನ ನೀರು 29 ಸೆಂಟಿಮೀಟರ್ ಇದೆ, ಜಾಸ್ತಿಯಾಯಿತು ಎಂದರು. ಹುಬ್ಬಳ್ಳಿಗೆ ಹೋಗಿ ಆಮ್ನಿಯೊಸೆಂಟೆಸಿಸ್ (ಹೊಟ್ಟೆಗೆ ಸೂಜಿ ಹಾಕಿ ಆ ನೀರು ತೆಗೆದು ನೋಡುವ ಪರೀಕ್ಷೆ) ಮಾಡಿಸಿ ಎಂದು ಬರೆದುಕೊಟ್ಟಿದ್ದಾರೆ. ನಾನು ಓದಿದ ಕಡೆಯೆಲ್ಲ ಅದು 16ನೇ ವಾರದ ಪರೀಕ್ಷೆ ಅಂತಿದೆ. ಇಷ್ಟು ತಡವಾಗಿ ಮಾಡಬಹುದಾ? ನೋವಾಗುತ್ತದಾ? ಸೂಜಿ ಮಗುವಿಗೆ ತಾಗಿದರೆ? ಆರನೇ ತಿಂಗಳಲ್ಲಿ ಗ್ರಹಣದ ದಿನ ತೋಟಕ್ಕೆ ಹೋಗಿದ್ದಕ್ಕೇ ಹೀಗಾಯಿತು ಎಂದು ಅತ್ತೆ ಅಳುತ್ತಿದ್ದಾರೆ. ರಕ್ತ ಪರೀಕ್ಷೆಯಲ್ಲೇ ತಿಳಿಯುವುದಿಲ್ಲವಾ? (ಹೆಸರು ಬೇಡ, ಶಿರಸಿ)

ಉತ್ತರ: ಮೊದಲು ಅತ್ತೆಯವರಿಗೆ ಈ ಪ್ಯಾರಾ ಓದಿ ಹೇಳಿ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗುವಿನ ಜಠರ, ಅದಕ್ಕೆ ಅಂಟಿದ ಸಣ್ಣ ಕರುಳಿನ ಮೊದಲ ಭಾಗ ಎಲ್ಲವೂ ರೂಪುಗೊಳ್ಳುವುದು ಬಸುರಿನ ಮೊದಲ ಮೂರು ತಿಂಗಳಲ್ಲಿ. ಆ ಕರುಳಿನ ದಾರಿ ಆಗಲೇ ಸರಿಯಾಗಿ ತೆರೆದುಕೊಂಡಿರಲಿಲ್ಲ. ನೀವು ತೋಟಕ್ಕೆ ಹೋಗಿದ್ದು ಆರನೇ ತಿಂಗಳಲ್ಲಿ. ಲೆಕ್ಕ ಎಲ್ಲಿಗೆಲ್ಲಿಗೆ?

ಐದನೇ ತಿಂಗಳ ಸ್ಕ್ಯಾನ್ ಮಾಡಿದವರ ಮೇಲೂ ಸಿಟ್ಟು ಬೇಡ. ಈ ತೊಂದರೆ 20ನೇ ವಾರದಲ್ಲಿ ಕಾಣದೇ ಇರುವುದೇ ಹೆಚ್ಚು. ಮಗು ದಿನವೂ ಸುತ್ತಲಿನ ನೀರನ್ನು ನುಂಗುತ್ತದೆ. ಬೆಳೆದಂತೆ ನುಂಗುವುದು ಜಾಸ್ತಿ. ಮುಂದೆ ದಾರಿ ಇಲ್ಲದಿದ್ದರೆ ಜಠರ ಊದುತ್ತದೆ, ಅದರ ಪಕ್ಕದ ಡ್ಯುಯೊಡಿನಂ, ಅಂದರೆ ಸಣ್ಣ ಕರುಳಿನ ಮೊದಲ ಭಾಗ ಕೂಡ ಊದುತ್ತದೆ. ಸ್ಕ್ಯಾನ್ ಪರದೆಯಲ್ಲಿ ಎರಡು ಕಪ್ಪು ಗುಳ್ಳೆ, ಅದೇ ‘ಡಬಲ್ ಬಬಲ್’. ಇದು ಸಾಮಾನ್ಯವಾಗಿ 24 ವಾರ ದಾಟಿದ ಮೇಲೆ ಗೊತ್ತಾಗುತ್ತದೆ. ನುಂಗಿದ ನೀರು ಕರುಳಿಗೆ ಇಳಿದು ಹೀರಿಕೊಳ್ಳದೇ ಇರುವುದರಿಂದ ಹೊರಗೆ ನೀರು ಹೆಚ್ಚುತ್ತದೆ. ಸ್ಕ್ಯಾನ್‌ನಲ್ಲಿ ನಾಲ್ಕು ಕಡೆ ನೀರಿನ ಆಳ ಅಳೆದು ಕೂಡಿದರೆ 25 ಸೆಂಟಿಮೀಟರ್‌ವರೆಗೆ ಸರಿ ಎನ್ನುತ್ತೇವೆ, ನಿಮ್ಮದು 29.

ಕರುಳಿನ ಈ ತಡೆಯನ್ನು ಹುಟ್ಟಿದ ಮೇಲೆ ಆಪರೇಷನ್ ಮಾಡಿ ಸರಿಪಡಿಸುತ್ತಾರೆ. ಮೊದಲ ಕೆಲವು ದಿನಗಳಲ್ಲೇ ಮಾಡುತ್ತಾರೆ. ಒಳ್ಳೆಯ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ), ಮಕ್ಕಳ ಸರ್ಜನ್ ಇರುವ ಕಡೆ ಬಹಳಷ್ಟು ಮಕ್ಕಳು ಚೆನ್ನಾಗಿ ಮನೆಗೆ ಹೋಗುತ್ತಾರೆ. ಹಾಗಾದರೆ ಸೂಜಿ ಯಾಕೆ? ಇಂಥ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಡೌನ್ ಸಿಂಡ್ರೋಮ್ ಇರುತ್ತದೆ. ಅಂದರೆ ಜೀವಕೋಶದಲ್ಲಿ ವಂಶಗುಣ ಹೊತ್ತಿರುವ ಎಳೆಗಳಲ್ಲಿ ಒಂದಾದ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು; ಇಂಥ ಮಕ್ಕಳ ಬೆಳವಣಿಗೆ, ಕಲಿಕೆ ನಿಧಾನ. ಮೂರರಲ್ಲಿ ಎರಡು ಮಕ್ಕಳಿಗೆ ಅದು ಇರುವುದಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ನೆನಪಿಡಿ. ಯಾವ ಗುಂಪು ಎಂದು ನೀರಿನಲ್ಲಿ ತೇಲುವ ಮಗುವಿನ ಜೀವಕೋಶಗಳು ಹೇಳುತ್ತವೆ.

16ನೇ ವಾರ ಅಂತ ಓದಿದ್ದು ಸರಿಯೇ. ಮುಂಚೆಯೇ ಅನುಮಾನ ಬಂದವರಿಗೆ ಆಗ ಮಾಡುತ್ತಾರೆ. 15 ವಾರಕ್ಕಿಂತ ಮೊದಲು ಮಾಡಬಾರದು ಎಂಬ ನಿಯಮ ಇದೆಯೇ ಹೊರತು, ಇಷ್ಟರ ಮೇಲೆ ಮಾಡಬಾರದು ಎಂಬುದಿಲ್ಲ. 32, 34 ವಾರದಲ್ಲೂ ಮಾಡುತ್ತೇವೆ.

ನನ್ನ ಹತ್ತಿರ ಬರುವ ದಂಪತಿಗಳಿಗೆ ಸೂಜಿಯ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ರಿಪೋರ್ಟ್ ಬಂದ ಮೇಲೆ ಏನು ಮಾಡುತ್ತೀರಿ? ಬಹಳ ಜನ ಇದನ್ನು ಯೋಚಿಸಿಯೇ ಇರುವುದಿಲ್ಲ. ಎಲ್ಲರ ಭಯವೂ ಸೂಜಿಯ ಮೇಲೆ. ಸೂಜಿ ಒಳಗಿರುವುದು ಒಂದೆರಡು ನಿಮಿಷ. ಉತ್ತರದ ಜೊತೆ ಇರಬೇಕಾದದ್ದು ನೀವು.

31 ವಾರದಲ್ಲಿ ಕಾನೂನು ಏನು ಹೇಳುತ್ತದೆ ಎಂದೂ ನೇರವಾಗಿ ಹೇಳಿಬಿಡುತ್ತೇನೆ. ನೀವು ಕೇಳಿಲ್ಲ, ಆದರೆ ಇಂಥ ಪತ್ರಗಳ ಸಾಲುಗಳ ಮಧ್ಯೆ ಅದು ಇದ್ದೇ ಇರುತ್ತದೆ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ 24 ವಾರ ದಾಟಿದ ಬಸುರನ್ನು ಮಗುವಿನ ನ್ಯೂನತೆಯ ಕಾರಣಕ್ಕೆ ತೆಗೆಸಬೇಕಾದರೆ ಮೆಡಿಕಲ್ ಬೋರ್ಡ್ (ತಜ್ಞ ಡಾಕ್ಟರುಗಳ ಸಮಿತಿ) ಒಪ್ಪಬೇಕು. ಬೋರ್ಡ್ ಮೂರು ದಿನದೊಳಗೆ ಅಭಿಪ್ರಾಯ ಕೊಡಬೇಕು. ಅದು ನಿಮ್ಮ ಡಾಕ್ಟರೂ ನೀವೂ ಇಬ್ಬರೇ ಕೂತು ತೀರ್ಮಾನಿಸುವ ವಿಷಯ ಅಲ್ಲ. ಬಸುರು ಮುಂದುವರಿಸುತ್ತೇವೆ ಎಂದು ನಿರ್ಧರಿಸಿದವರಿಗೂ ಈ ಪರೀಕ್ಷೆಯಿಂದ ಉಪಯೋಗ ಇದೆ. ಹೆರಿಗೆ ಎಲ್ಲಿ, ಹುಟ್ಟಿದ ಕೂಡಲೇ ಯಾರು ಇರಬೇಕು, ಮನೆಯವರಿಗೆ ಏನು ಹೇಳಬೇಕು ಎಂಬುದಕ್ಕೆ ಸಮಯ ಸಿಗುತ್ತದೆ. ಅದೇನೂ ಬೇಡ, ಹುಟ್ಟಿದ ಮೇಲೆ ಮಗುವಿನ ರಕ್ತ ಪರೀಕ್ಷಿಸಿ ತಿಳಿದುಕೊಳ್ಳುತ್ತೇವೆ ಎಂದರೆ ಅದೂ ತಪ್ಪಲ್ಲ. ಹಾಗೆ ಹೇಳಿದವರನ್ನು ನಾನು ಒತ್ತಾಯಿಸುವುದಿಲ್ಲ.

ರಕ್ತ ಪರೀಕ್ಷೆ ಬಗ್ಗೆ ಕೇಳಿದ್ದೀರಿ. ಎನ್‌ಐಪಿಟಿ ಅಂತ ಇದೆ, ತಾಯಿಯ ರಕ್ತದಿಂದ ಮಾಡುತ್ತಾರೆ, ಈಗಲೂ ಮಾಡಬಹುದು. ಡೌನ್ ಸಿಂಡ್ರೋಮ್ ಮಟ್ಟಿಗೆ ಅದು ಒಳ್ಳೆಯ ಪರೀಕ್ಷೆಯೇ. ಆದರೂ ಅದು ಕೊಡುವುದು ಅನುಮಾನವನ್ನು, ತೀರ್ಪನ್ನಲ್ಲ. ಪಾಸಿಟಿವ್ ಬಂದರೆ ಖಾತ್ರಿಗೆ ಮತ್ತೆ ಸೂಜಿಯೇ ಬೇಕು, ಅಷ್ಟರಲ್ಲಿ ಒಂದು ವಾರದ ಮೇಲೆ ಕಳೆದಿರುತ್ತದೆ. ಸ್ಕ್ಯಾನ್‌ನಲ್ಲೇ ತೊಂದರೆ ಕಂಡಿರುವಾಗ ನಾನಾದರೆ ನೇರವಾಗಿ ಆಮ್ನಿಯೊ ಮಾಡಿಸಿಕೊಳ್ಳಿ ಎನ್ನುತ್ತೇನೆ. ಸೂಜಿ ಖಂಡಿತ ಬೇಡ ಎಂದು ಮನಸ್ಸು ಗಟ್ಟಿ ಮಾಡಿದ್ದರೆ ಮಾತ್ರ ಎನ್‌ಐಪಿಟಿ.

ಇನ್ನು ಆ ದಿನದ ವಿಷಯ. ಹೊಟ್ಟೆ ಖಾಲಿ ಇರಬೇಕಿಲ್ಲ, ತಿಂಡಿ ತಿಂದೇ ಹೋಗಿ. ಹಳೆಯ ಎಲ್ಲ ಸ್ಕ್ಯಾನ್, ರಕ್ತದ ಗುಂಪು, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ರಿಪೋರ್ಟ್ ಜೊತೆಗಿರಲಿ. ನಿಮ್ಮ ಗುಂಪು ನೆಗೆಟಿವ್ ಆಗಿದ್ದರೆ ಪರೀಕ್ಷೆ ಆದ ಮೇಲೆ 72 ಗಂಟೆಯೊಳಗೆ, ನಿಮ್ಮ ರಕ್ತ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕು, ಮೊದಲೇ ನೆನಪಿಸಿ. ಸಹಿ ಹಾಕಲು ಒಂದು ಫಾರ್ಮ್ ಕೊಡುತ್ತಾರೆ, ಅದಕ್ಕೆ ‘ಜಿ’ ಫಾರ್ಮ್ ಎನ್ನುತ್ತಾರೆ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಒಂದು ಪ್ರತಿ ನಿಮಗೆ ಕೊಡಬೇಕು, ಅಡ್ಡ ಪರಿಣಾಮಗಳನ್ನು ಬಿಡಿಸಿ ಹೇಳಬೇಕು. ಇದು ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಲ್ಲೇ ಇದೆ. ಇಂಗ್ಲಿಷ್ ಫಾರ್ಮ್ ಮುಂದಿಟ್ಟು ‘ಇಲ್ಲೊಂದು ಸಹಿ ಹಾಕಮ್ಮ’ ಅಂದರೆ ಕನ್ನಡದ್ದು ಕೊಡಿ ಎಂದು ಕೇಳಿ, ನಾಚಿಕೆ ಬೇಡ. ಅದೇ ಕಾಯ್ದೆಯ ಪ್ರಕಾರ ಗಂಡೋ ಹೆಣ್ಣೋ ಎಂದು ಯಾರೂ ಹೇಳುವಂತಿಲ್ಲ. ಸನ್ನೆಯಲ್ಲೂ ಹೇಳುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಆ ಆಸೆ ಇದ್ದರೆ ಅದನ್ನು ಶಿರಸಿಯಲ್ಲೇ ಬಿಟ್ಟು ಬರಲಿ.

ಮಂಚದ ಮೇಲೆ ಪೂರ್ತಿ ಅಂಗಾತ ಮಲಗಿಸುವುದಿಲ್ಲ. ಈ ತಿಂಗಳಲ್ಲಿ ಹಾಗೆ ಮಲಗಿದರೆ ಗರ್ಭದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತಿ ತಲೆ ಸುತ್ತುತ್ತದೆ. ಬಲಪಕ್ಕೆಗೆ ದಿಂಬು ಕೊಟ್ಟು ಸ್ವಲ್ಪ ಎಡಕ್ಕೆ ವಾಲಿಸುತ್ತೇವೆ. ಮೊದಲು ಸ್ಕ್ಯಾನ್: ಮಗು ಹೇಗೆ ಮಲಗಿದೆ, ಮಾಸು ಎಲ್ಲಿದೆ, ನೀರು ಎಲ್ಲಿ ಹೆಚ್ಚು ನಿಂತಿದೆ. ದಿನ ತುಂಬುತ್ತಿರುವ ಬಸುರಿಯರಲ್ಲಿ ಮಗು ದೊಡ್ಡದು, ಜಾಗ ಕಡಿಮೆ. ಅದಕ್ಕೇ ಎರಡನೇ ಸಲ ಚುಚ್ಚಬೇಕಾಗುವುದು, ನೀರಿನಲ್ಲಿ ರಕ್ತ ಬೆರೆಯುವುದು 16ನೇ ವಾರಕ್ಕಿಂತ ಈಗ ಸ್ವಲ್ಪ ಜಾಸ್ತಿ. ನಿಮಗೆ ನೀರು ಹೆಚ್ಚಿರುವುದರಿಂದ ಈ ಒಂದು ವಿಷಯದಲ್ಲಿ ಅನುಕೂಲವೇ.

ಹೊಟ್ಟೆಗೆ ತಣ್ಣನೆಯ ಔಷಧಿ ಹಚ್ಚಿ ಒರೆಸುತ್ತಾರೆ. ಸೂಜಿ ಉದ್ದ, ಆದರೆ ಸಪೂರ. ಅದನ್ನು ನೋಡಬೇಡಿ, ನೋಡಿ ಏನೂ ಲಾಭವಿಲ್ಲ. ಚರ್ಮ ದಾಟುವಾಗ ರಕ್ತ ತೆಗೆಯುವಾಗಿನಷ್ಟೇ ಚುರುಕು. ಗರ್ಭಕೋಶದ ಗೋಡೆ ದಾಟುವಾಗ ಮುಟ್ಟಿನ ನೋವಿನಂಥ ಒಂದು ಹಿಡಿತ. ಅಷ್ಟೇ. ಸೂಜಿಯ ತುದಿ ಉದ್ದಕ್ಕೂ ಪರದೆಯ ಮೇಲೆ ಕಾಣುತ್ತಿರುತ್ತದೆ, ಮಗುವಿನಿಂದ ದೂರದಲ್ಲೇ ಇಡುತ್ತೇವೆ. ಮಗು ಕೈ ಬೀಸಿ ಹತ್ತಿರ ಬಂದರೂ ಗಾಯವಾಗುವುದು ಬಲು ಅಪರೂಪ. ಮೊದಲ ಒಂದೆರಡು ಎಂಎಲ್‌ನಲ್ಲಿ ನಿಮ್ಮದೇ ಜೀವಕೋಶ ಬೆರೆತಿರಬಹುದು, ಅದನ್ನು ಬೇರೆ ಇಡುತ್ತಾರೆ. ಆಮೇಲೆ ಸುಮಾರು 20 ಎಂಎಲ್, ಅಂದರೆ ನಾಲ್ಕು ಚಮಚ. ತಿಳಿ ಹಳದಿ ಇರುತ್ತದೆ. ಈ ವಾರಗಳಲ್ಲಿ ಬಿಳಿ ಚೂರು ತೇಲಬಹುದು, ಅದು ಮಗುವಿನ ಮೈಮೇಲಿನ ಜಿಡ್ಡು. ತೆಗೆದ ನೀರನ್ನು ಮಗುವೇ ಮೂತ್ರ ಮಾಡಿ ಮತ್ತೆ ತುಂಬಿಸುತ್ತದೆ.

ನಿಮಗೆ ಉಸಿರು ಕಟ್ಟಿದಂತೆ, ಮಲಗಲು ಆಗದಂತೆ ಅನಿಸುತ್ತಿದ್ದರೆ ಮೊದಲೇ ಹೇಳಿ. ಹೆಚ್ಚಾದ ನೀರನ್ನೂ ಅದೇ ಸಲಕ್ಕೆ ನಿಧಾನವಾಗಿ ತೆಗೆಯಬಹುದು, ಒಂದು ಲೀಟರ್ ಅಥವಾ ಇನ್ನೂ ಜಾಸ್ತಿ. ಆಗ ಸೂಜಿ ಸ್ವಲ್ಪ ದಪ್ಪ, ಸಮಯವೂ ಹೆಚ್ಚು. ಉಸಿರಾಟ ಹಗುರವಾಗುತ್ತದೆ, ಆದರೆ ನೀರು ವಾರಗಳಲ್ಲಿ ಮತ್ತೆ ತುಂಬಬಹುದು. ತೊಂದರೆ ಏನೂ ಇಲ್ಲದಿದ್ದರೆ ಬರೀ ಸಂಖ್ಯೆ ನೋಡಿ ತೆಗೆಯುವುದಿಲ್ಲ.

ಅಪಾಯ? 16ನೇ ವಾರದಲ್ಲಿ ಗರ್ಭ ಹೋಗುವ ಭಯ ಇರುತ್ತದೆ, ಅದೂ 200ರಲ್ಲಿ ಒಂದಕ್ಕಿಂತ ಕಡಿಮೆ. ಈಗ ಭಯ ಬೇರೆ: ನೀರು ಸೋರುವುದು, ಹೆರಿಗೆ ನೋವು ಬೇಗ ಶುರುವಾಗುವುದು. ಸೂಜಿಯಿಂದಲೇ ತುರ್ತು ಹೆರಿಗೆಯಾಗುವುದು ಅಪರೂಪ. ಆದರೆ ಇದನ್ನು ಮುಂಚೆಯೇ ಹೇಳಿರಬೇಕು: ನೀರು ಇಷ್ಟು ಹೆಚ್ಚಿದ್ದರೆ ಸೂಜಿ ಮುಟ್ಟಿಸದಿದ್ದರೂ ಹೆರಿಗೆ ಬೇಗ ಆಗುವ ಸಾಧ್ಯತೆ ಇದೆ. ಆಮೇಲೆ ಮನೆಯಲ್ಲಿ ‘ಸೂಜಿಯಿಂದಲೇ ಆಯಿತು’ ಎಂಬ ಜಗಳ ಬೇಡ. ಕೆಲವು ಡಾಕ್ಟರುಗಳು ಮುನ್ನೆಚ್ಚರಿಕೆಗೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟಿರಾಯ್ಡ್ ಇಂಜೆಕ್ಷನ್ ಮೊದಲೇ ಕೊಡುತ್ತಾರೆ. ಕೇಳಿ ನೋಡಿ.

ಆದ ಮೇಲೆ ಮಗುವಿನ ಎದೆಬಡಿತ ನೋಡಿ, ಒಂದೆರಡು ಗಂಟೆ ಕೂರಿಸಿ ಕಳಿಸುತ್ತಾರೆ. ಶಿರಸಿ ಸುಮಾರು ನೂರು ಕಿಲೋಮೀಟರ್. ಅವತ್ತೇ ಘಟ್ಟದ ಕಡೆ ಬಸ್ಸು ಹತ್ತಬೇಡಿ, ಒಂದು ರಾತ್ರಿ ಹುಬ್ಬಳ್ಳಿಯಲ್ಲೇ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಇರಿ. ಒಂದೆರಡು ದಿನ ಹೊಟ್ಟೆ ಸ್ವಲ್ಪ ಹಿಡಿದಂತಾಗುವುದು ಸಹಜ. ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯತೊಡಗಿದರೆ, ಮಗು ಆಡುವುದು ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

ರಿಪೋರ್ಟ್ ಎಷ್ಟು ದಿನಕ್ಕೆ ಎಂದು ಮೊದಲೇ ಕೇಳಿಕೊಳ್ಳಿ, ಈ ಹಂತದಲ್ಲಿ ಅದು ಮುಖ್ಯ. 21, 18, 13ನೇ ಕ್ರೋಮೋಸೋಮ್ ಮಾತ್ರ ನೋಡುವ ಬೇಗದ ಪರೀಕ್ಷೆ ಮೂರ್ನಾಲ್ಕು ದಿನಕ್ಕೆ ಬರುತ್ತದೆ. ಕ್ಯೂಎಫ್-ಪಿಸಿಆರ್ ಅಥವಾ ಫಿಶ್ ಎನ್ನುತ್ತಾರೆ. ಇನ್ನೂ ಸೂಕ್ಷ್ಮವಾಗಿ ನೋಡುವ ಮೈಕ್ರೊಅರೇಗೆ ಸುಮಾರು ಎರಡು ವಾರ. ಜೀವಕೋಶ ಬೆಳೆಸಿ ನೋಡುವ ಹಳೆಯ ಕ್ಯಾರಿಯೊಟೈಪ್‌ಗೆ ಎರಡು ಮೂರು ವಾರ. ಅದರಲ್ಲೂ ಈ ತಿಂಗಳ ನೀರಿನ ಜೀವಕೋಶಗಳು ಕೆಲವೊಮ್ಮೆ ಬೆಳೆಯುವುದೇ ಇಲ್ಲ. ಅದನ್ನೊಂದೇ ಬರೆದುಕೊಟ್ಟಿದ್ದರೆ ಬೇಗದ ಪರೀಕ್ಷೆಯನ್ನೂ ಸೇರಿಸಿ ಎಂದು ಕೇಳಿ. ನಾನು ಶನಿವಾರ ಆಮ್ನಿಯೊ ಇಟ್ಟುಕೊಳ್ಳುವುದಿಲ್ಲ. ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕು, ಭಾನುವಾರ ಎಲ್ಲೋ ಸುಮ್ನೆ ಕೂತಿರುತ್ತದೆ.

ಎರಡು ಕೆಲಸ ಈ ರಿಪೋರ್ಟಿಗೆ ಕಾಯುವಂಥವಲ್ಲ. ಒಂದು, ಮಗುವಿನ ಹೃದಯ ನೋಡುವ ಸ್ಕ್ಯಾನ್, ಫೀಟಲ್ ಎಕೋ. ಡೌನ್ ಸಿಂಡ್ರೋಮ್ ಇರಲಿ ಇಲ್ಲದಿರಲಿ ಮಾಡಿಸಿ. ಇನ್ನೊಂದು, ಹೆರಿಗೆಯ ಜಾಗ. ಮಕ್ಕಳ ಸರ್ಜನ್ ಇರುವ ಆಸ್ಪತ್ರೆಯೇ ಬೇಕು. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಹೆರಿಗೆಯೂ ಆಗುತ್ತದೆ, ಮಕ್ಕಳ ಸರ್ಜರಿ ವಿಭಾಗವೂ ಇದೆ. ಹುಬ್ಬಳ್ಳಿಯ ಡಾಕ್ಟರನ್ನೂ ಕೇಳಿ ತೀರ್ಮಾನಿಸಿ. ಬರೀ ಡಬಲ್ ಬಬಲ್ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ. ನೀರು ಜಾಸ್ತಿ ಇರುವವರಿಗೆ ನೀರು ಒಡೆದಾಗ ಹೊಕ್ಕುಳಬಳ್ಳಿ ಕೆಳಗೆ ಜಾರುವ ಅಪಾಯ ಇರುತ್ತದೆ. ಹಾಗಾಗಿ ಕೊನೆಯ ವಾರಗಳಲ್ಲಿ ಆಸ್ಪತ್ರೆಗೆ ಹತ್ತಿರ ಇರಿ.

ಪ್ರಶ್ನೆ: ನನ್ನದು ಒ ನೆಗೆಟಿವ್, ಗಂಡನದು ಪಾಸಿಟಿವ್. ಈಗ 27 ವಾರ. ಇದೇ ಕಾರಣಕ್ಕೆ ನಮ್ಮ ದೊಡ್ಡಮ್ಮನಿಗೆ ಹಿಂದೆ ಹೊಟ್ಟೆಯಿಂದ ಮತ್ತೆ ಮತ್ತೆ ನೀರು ತೆಗೆದಿದ್ದರಂತೆ. ನನಗೂ ತೆಗೆಯುತ್ತಾರಾ? (ಓದುಗರು, ಗದಗ)

ಉತ್ತರ: ಇಲ್ಲ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿ ತಾಯಿಯ ರಕ್ತ ಮಗುವಿನ ರಕ್ತಕಣಗಳನ್ನು ಒಡೆಯುತ್ತಿದ್ದರೆ ನೀರಿನಲ್ಲಿ ಬಿಲಿರುಬಿನ್ ಎಂಬ ಹಳದಿ ಅಂಶ ಸೇರುತ್ತದೆ. ಅದನ್ನು ಅಳೆದು ಮಗುವಿನ ಸ್ಥಿತಿ ಹೇಳುವ ನಕ್ಷೆಯನ್ನು ನ್ಯೂಜಿಲೆಂಡಿನ ಡಾಕ್ಟರ್ ಲೈಲಿ 1961ರಲ್ಲಿ ಕೊಟ್ಟರು. ದಶಕಗಳ ಕಾಲ ಅದೇ ದಾರಿ. 2000ದಲ್ಲಿ ಮಗುವಿನ ಮಿದುಳಿನ ಒಂದು ರಕ್ತನಾಳದಲ್ಲಿ ರಕ್ತದ ವೇಗವನ್ನು ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡಿದರೆ ರಕ್ತಹೀನತೆ ಗೊತ್ತಾಗುತ್ತದೆ ಎಂದು ತೋರಿಸಿದ ಮೇಲೆ ಸೂಜಿ ಬಿಟ್ಟು ಸ್ಕ್ಯಾನ್‌ಗೆ ಬಂದೆವು. ನಿಮ್ಮ ರಕ್ತ ಮಗುವಿನ ರಕ್ತದ ವಿರುದ್ಧ ತಿರುಗಿದೆಯಾ ಎಂದು ತಿಳಿಯಲು ನೀವು ಈಗ ಐಸಿಟಿ ಎಂಬ ರಕ್ತ ಪರೀಕ್ಷೆ ಮಾಡಿಸಿ. ಆ ರಿಪೋರ್ಟ್ ನೆಗೆಟಿವ್ ಬಂದರೆ 28ನೇ ವಾರಕ್ಕೆ ಆ್ಯಂಟಿ-ಡಿ ತೆಗೆದುಕೊಳ್ಳಿ.

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಎಂದು ಹೇಳಿದ್ದಾರೆ. ಜೋಯಿಸರು ನೋಡಿದ ಒಳ್ಳೆಯ ನಕ್ಷತ್ರ 37ನೇ ವಾರದ ಶುರುವಿಗೇ ಬರುತ್ತದೆ. ನೀರು ತೆಗೆದು ಮಗುವಿನ ಶ್ವಾಸಕೋಶ ಬಲಿತಿದೆಯಾ ನೋಡಿ ಅವತ್ತೇ ಮಾಡಬಹುದಾ? (ಓದುಗರು, ದಾವಣಗೆರೆ)

ಉತ್ತರ: ಅಂಥ ಪರೀಕ್ಷೆ ಇತ್ತು. ನೀರಿನಲ್ಲಿರುವ ಲೆಸಿಥಿನ್, ಸ್ಫಿಂಗೊಮೈಲಿನ್ ಎಂಬ ಎರಡು ಕೊಬ್ಬಿನಂಶಗಳ ಪ್ರಮಾಣ ನೋಡುತ್ತಿದ್ದರು. 1971ರಿಂದ ಬಹುಕಾಲ ನಡೆಯಿತು. ಈಗ ಈ ಕೆಲಸಕ್ಕೆ ಮಾಡುವುದಿಲ್ಲ. ಶ್ವಾಸಕೋಶ ಬಲಿತಿದೆ ಎಂದು ರಿಪೋರ್ಟ್ ಬಂದರೂ ಕಾರಣವಿಲ್ಲದೆ 39 ವಾರಕ್ಕೆ ಮುಂಚೆ ತೆಗೆದ ಮಕ್ಕಳಿಗೆ ಉಸಿರಾಟ, ಸಕ್ಕರೆ ಇಳಿಯುವುದು, ಕಾಮಾಲೆ, ಹಾಲು ಕುಡಿಯುವುದರಲ್ಲಿ ತೊಂದರೆ ಹೆಚ್ಚು ಬರುತ್ತದೆ. ಎನ್‌ಐಸಿಯುವಿನಲ್ಲಿ ಮಲಗಿದ ಮಗುವಿಗೆ ನಕ್ಷತ್ರ ಯಾವುದಾದರೇನು? ಬಿಪಿಯಂಥ ಕಾರಣ ಇದ್ದರೆ ಡಾಕ್ಟರೇ ಬೇಗ ಮಾಡುತ್ತಾರೆ, ಆಗ ಮುಹೂರ್ತಕ್ಕೂ ಕಾಯುವುದಿಲ್ಲ. ಇಲ್ಲವೆಂದರೆ 39 ವಾರ ತುಂಬುವ ತಾರೀಖನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಲ್ಲಿಂದ ಮುಂದೆ ಒಂದು ದಿನ ನೋಡಿಕೊಡಿ ಎಂದು ಜೋಯಿಸರನ್ನು ಕೇಳಿ.